ನಾಲ್ಕನೇ ಜ್ವರದ ಇಂಜೆಕ್ಷನ್

ರೇಷ್ಮೆಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಒಂದು ದಿನ ಅವು ಸೊಪ್ಪು ಮುಟ್ಟುವುದಿಲ್ಲ. ಸಾದಲಿಯ ಮುನಿಗಂಗಪ್ಪ ಹೆಂಡತಿ ರಾಮಲಕ್ಷ್ಮಮ್ಮನನ್ನು ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆತರಲು ಆ ದಿನವನ್ನೇ ಗೊತ್ತುಮಾಡಿದ್ದ. ಮಾರನೆಯ ದಿನ ಜ್ವರದಿಂದೆದ್ದ ಹುಳು ಮೈಮೇಲೆ ಬಂದಂತೆ ತಿನ್ನುತ್ತವೆ. ಅಷ್ಟರೊಳಗೆ ಅವಳ ಸೊಂಟಕ್ಕೆ ಇಂಜೆಕ್ಷನ್ ಬಿದ್ದಿರಬೇಕು.

ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಅವಳು ಕಂಬಿ ಹಿಡಿದು ನಿಂತೇ ಬಂದಳು. ಕೂತರೆ ಸೊಂಟದಿಂದ ಹಿಮ್ಮಡಿಯವರೆಗೆ ಸುಟ್ಟಂತಾಗುತ್ತಿತ್ತು. ಎರಡು ಸಲ ಕೂತುಕೋ ಎಂದ ಮುನಿಗಂಗಪ್ಪ ಆಮೇಲೆ ನಿದ್ದೆಹೋದ.

ಹಿಂದಿನ ರೇಷ್ಮೆ ಬೆಳೆಯಲ್ಲೂ ಹೀಗೇ ಒಂದು ಇಂಜೆಕ್ಷನ್ ಆಗಿತ್ತು. ಅದು ಎಷ್ಟು ದಿನ ಕೆಲಸ ಮಾಡಿತು ಎಂದು ಡಾಕ್ಟರ್ ಸಂಘಮಿತ್ರ ಕೇಳಿದಾಗ ಅವನೇ ಬಾಯಿ ಹಾಕಿದ.

"ಭೇಷಾಗಿತ್ತು ಮೇಡಂ. ಬೆಳೆ ಮುಗಿಯೋವರ್ಗೂ ಒಂದು ದಿನಾನೂ ಕೂರ್ಲಿಲ್ಲ ಅವಳು."

"ನಾನು ಅಮ್ಮನ್ನ ಕೇಳಿದ್ದು."

ಐದು ವಾರ, ಎಂದಳು ರಾಮಲಕ್ಷ್ಮಮ್ಮ. ಆಮೇಲೆ ಮೊದಲಿನ ಹಾಗೇ ಆಯಿತು.

ಡಾಕ್ಟರ್ ಸ್ಕ್ಯಾನ್ ತೋರಿಸಿ ಹೇಳಿದರು. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ. ಇಂಜೆಕ್ಷನ್ನು ಡಿಸ್ಕನ್ನು ಸರಿಮಾಡುವುದಿಲ್ಲ, ನರದ ಸುತ್ತಲಿನ ಊತ ಇಳಿಸುತ್ತದೆ. ಕೆಲವರಿಗೆ ಕೆಲವು ವಾರ, ಕೆಲವರಿಗೆ ಅದೂ ಇಲ್ಲ. ನೋವು ತಗ್ಗಿದ ಆ ವಾರಗಳಲ್ಲಿ ನಡೆಯಬೇಕು, ಹೇಳಿಕೊಟ್ಟ ವ್ಯಾಯಾಮ ಮಾಡಬೇಕು, ಬಗ್ಗುವುದು ಕಡಿಮೆ ಮಾಡಬೇಕು.

"ಆ ಐದು ವಾರ ಏನ್ಮಾಡಿದ್ರಿ ಅಮ್ಮ?"

"ಹುಳದ ಹಿಕ್ಕೆ ಬಳಿದೆ, ಸೊಪ್ಪು ಹಾಕಿದೆ. ಇನ್ನೇನು ಮಾಡ್ಲಿ?"

ಆ ಕೆಲಸ ನೀವು ಯಾಕೆ ಮಾಡಬಾರದು ಎಂಬ ಡಾಕ್ಟರ ಪ್ರಶ್ನೆಗೆ ಮುನಿಗಂಗಪ್ಪನ ಬಳಿ ಊರೆಲ್ಲ ಒಪ್ಪಿದ ಉತ್ತರವಿತ್ತು. ಬೀಡಿ ಸೇದುವವರ ಕೈ ಹುಳುವಿಗೆ ಆಗದು, ಅದಕ್ಕೇ ಇಪ್ಪತ್ತೆರಡು ವರ್ಷದಿಂದ ಅವನು ಹುಳುಮನೆಯ ಹೊಸಿಲು ತುಳಿದಿಲ್ಲ. ಹೊರಗಿನ ಆಳುಗಳನ್ನು ಒಳಗೆ ಬಿಟ್ಟರೆ ಹುಳುವಿಗೆ ರೋಗ ಬರುತ್ತದೆ.

"ಹಾಗಾದ್ರೆ ಬೀಡಿ ನಿಮಗೆ ಇಪ್ಪತ್ತೆರಡು ವರ್ಷ ರಜೆ ಕೊಡ್ಸಿದೆ ಅನ್ನಿ," ಎಂದರು ಡಾಕ್ಟರ್, ಬರೆಯುತ್ತಲೇ.

ಊರಿನಲ್ಲಿ ನ್ಯಾಯವಾಗಿಯೇ ಕೇಳಿಸುತ್ತಿದ್ದ ಮಾತು ಆ ಕೋಣೆಯಲ್ಲಿ ಅವನಿಗೇ ಬೇರೆಯಾಗಿ ಕೇಳಿಸಿತು.

ಇನ್ನೊಂದು ಇಂಜೆಕ್ಷನ್ ಹಾಕಬಹುದು, ಆದರೆ ಬೇಕೋ ಬೇಡವೋ ನೀವೇ ಹೇಳಬೇಕು ಎಂದು ಡಾಕ್ಟರ್ ರಾಮಲಕ್ಷ್ಮಮ್ಮನ ಕಡೆ ತಿರುಗಿದರು. ಅವಳು ಅಭ್ಯಾಸಬಲದಿಂದ ಗಂಡನ ಮುಖ ನೋಡಿದಳು. ಆಮೇಲೆ ಕಣ್ಣು ತೆಗೆದಳು.

"ಹಾಕಿ ಮೇಡಂ. ಆಗ ಐದು ವಾರ ಮಗ್ಗುಲು ಬದಲಾಯಿಸಿ ನಿದ್ದೆ ಮಾಡಿದ್ದೆ. ಆದ್ರೆ ಈ ಸಲ ಹುಳುವಿಗೆ ಅಂತ ಬೇಡ. ನನಗೆ ಅಂತ ಹಾಕಿ."

ಮುನಿಗಂಗಪ್ಪ ತನ್ನ ಚಪ್ಪಲಿ ನೋಡುತ್ತ ಕೂತ. ಮಗ್ಗುಲು ಬದಲಾಯಿಸಲಾಗದ ಹೆಂಗಸಿನ ಪಕ್ಕದಲ್ಲೇ ಇಷ್ಟು ದಿನ ತಾನು ಗೊರಕೆ ಹೊಡೆದದ್ದು ಅವನಿಗೆ ಈಗ ತಿಳಿಯಿತು.

ಮರುದಿನ ಬೆಳಿಗ್ಗೆ ಅವನು ತಲೆಗೆ ನೀರು ಹಾಕಿಕೊಂಡು, ಬೆರಳ ಸಂದಿಯನ್ನೆಲ್ಲ ಸೋಪಿನಲ್ಲಿ ಉಜ್ಜಿ, ಒಗೆದ ಪಂಚೆಯುಟ್ಟು ಹುಳುಮನೆಗೆ ಹೋದ. ಬೀಡಿಯಿಲ್ಲದೆ ತಲೆ ಸಿಡಿಯುತ್ತಿತ್ತು. ರಾಮಲಕ್ಷ್ಮಮ್ಮ ಬಾಗಿಲ ಹೊರಗೆ ಗೋಡೆಗೊರಗಿ ನಿಂತಳು.

"ತೆಳ್ಳಗೆ ಹಾಕಿ. ಹುಳನ ಸೊಪ್ಪಲ್ಲಿ ಹೂತಾಕ್ತಿದೀರ."

ಐದನೇ ತಟ್ಟೆಯ ಹುಳುವಿಗೆ ಸೊಪ್ಪು ಹಾಕುವಷ್ಟರಲ್ಲಿ ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅವಳು ನೋಡಿದಳೋ ಎಂದು ಓರೆಗಣ್ಣು ಹಾಯಿಸಿದ. ನೋಡಿದ್ದಳು.

ಇಂಜೆಕ್ಷನ್ ಬಿದ್ದ ನಾಲ್ಕು ದಿನಕ್ಕೆ ಅವಳ ಕಾಲಿನ ಉರಿ ಸ್ವಲ್ಪ ಇಳಿಯಿತು. ಈ ಸಲ ಎಷ್ಟು ವಾರ ನಿಲ್ಲುತ್ತದೋ ಯಾರಿಗೂ ಗೊತ್ತಿರಲಿಲ್ಲ. ಸಂಜೆ ಹುಳುಮನೆಯೊಳಗೆ ಸೊಪ್ಪು ಹರಡುತ್ತಿದ್ದ ಮುನಿಗಂಗಪ್ಪನಿಗೆ ಹೊರಗೆ ಅವಳ ಚಪ್ಪಲಿಯ ಸದ್ದು ಕೇಳಿಸಿತು. ಎದುರುಮನೆಯ ಜಗಲಿಯಿಂದ ಆವಲಪ್ಪ ಕೂಗಿ ಕೇಳಿದ.

"ಎಲ್ಗಮ್ಮ, ಬರೀ ಕೈಲಿ? ಕುಕ್ಕೆ ಇಲ್ಲ, ಬಿಂದಿಗೆ ಇಲ್ಲ?"

"ಎಲ್ಗೂ ಇಲ್ಲಣ್ಣ," ಎಂದಳು ರಾಮಲಕ್ಷ್ಮಮ್ಮ. "ಸುಮ್ನೆ ನಡೆಯಾಕೆ."