ದಿವಾನನ ತುರಿಕೆ

ಬ್ಲೇಡು ಗಿರಾಕಿಯ ಗಂಟಲ ಮೇಲಿದ್ದಾಗಲೇ ಕುರ್ಚಿಯ ಕೆಳಗಿಂದ ಸದ್ದು ಶುರುವಾಯಿತು. ಟಪ್, ಟಪ್, ಟಪ್. ನಾಯಿ ದಿವಾನ ಹೊಟ್ಟೆ ಕೆರೆದುಕೊಳ್ಳುವಾಗ ಅದರ ಹಿಂಗಾಲು ನೆಲಕ್ಕೆ ಬಡಿಯುತ್ತಿತ್ತು. ಸಲೂನಿನವನು ಕೈ ತಡೆದು ನಿಂತ. ಸದ್ದು ನಿಲ್ಲಲಿಲ್ಲ.

"ಏನಪ್ಪಾ, ನಮ್ಮ ತಲೆ ಬೋಳಿಸಿದ್ದು ಸಾಲದು ಅಂತ ನಿನ್ನ ನಾಯೀನೂ ಬೋಳಿಸ್ತಿದ್ದೀಯಾ?" ಎಂದರು ಕುರ್ಚಿಯಲ್ಲಿದ್ದ ಗಣಿತದ ಮೇಷ್ಟ್ರು, ನೊರೆಯೊಳಗಿಂದಲೇ.

ಬೆಂಚಿನ ಮೇಲೆ ಕಾಯುತ್ತಿದ್ದವರು ನಕ್ಕರು. ಅವನೂ ನಕ್ಕ. ಆದರೆ ಬೆಂಚಿನ ತುದಿಯಲ್ಲಿದ್ದವನೊಬ್ಬ ನಗದೆ ಎರಡೂ ಕಾಲನ್ನು ಮೇಲೆತ್ತಿಕೊಂಡದ್ದು ಕನ್ನಡಿಯಲ್ಲಿ ಕಾಣಿಸಿತು. ಸ್ವಲ್ಪ ಹೊತ್ತಿಗೆ, ಏನೋ ನೆನಪಾದವನಂತೆ ಎದ್ದು ಹೊರಟೇಹೋದ.

ದಿವಾನ ಕಣ್ಣು ಬಿಡುವ ಮೊದಲೇ ಯಾರೋ ಅಂಗಡಿಯ ಶಟರಿನ ಬುಡದಲ್ಲಿ ಬಿಟ್ಟುಹೋಗಿದ್ದ ಮರಿ. ಯಾರು ಬಂದರೂ ಏಳದೆ, ಕತ್ತು ಮಾತ್ರ ತಿರುಗಿಸಿ ನೋಡುವ ಅದರ ಗತ್ತಿಗೆ ಗಿರಾಕಿಗಳೇ ಆ ಹೆಸರಿಟ್ಟಿದ್ದರು. ಈಗ ದಿವಾನಗಿರಿಯೆಲ್ಲ ಮಣ್ಣುಪಾಲಾಗಿತ್ತು. ಹೊಟ್ಟೆಯ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಕಿವಿಯ ಹಿಂದೆ ಹಕ್ಕಳೆ ಕಟ್ಟಿತ್ತು. ಪಾದಗಳನ್ನು ನೆಕ್ಕಿ ನೆಕ್ಕಿ ಬೆರಳ ಸಂದಿಯ ಬಿಳಿಗೂದಲು ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿತ್ತು.

ಮದ್ದು ಹೇಳಲು ಯಾರಿಗೆ ಬರುವುದಿಲ್ಲ? ಲಾರಿ ಡ್ರೈವರು ಗಂಧಕ ಹಚ್ಚು ಎಂದ. ಪಕ್ಕದ ಗಡಿಯಾರದಂಗಡಿಯವನು ಬೇವಿನೆಣ್ಣೆ ಎಂದ. ಎರಡನ್ನೂ ಹಚ್ಚಿದ ಮೇಲೆ ನಾಯಿ ನಾತ ಹೊಡೆಯಿತೇ ಹೊರತು ತುರಿಕೆ ಅಲ್ಲಾಡಲಿಲ್ಲ.

ಕೊನೆಗೆ ಪ್ರಾಣಿಗಳ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಚರ್ಮವನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ತುಂಬಾ ಹೊತ್ತು ನೋಡಿದರು.

"ಹುಳ ಇಲ್ಲ. ಹುಳುಕಡ್ಡಿ ಇಲ್ಲ. ಇದು ಅಲರ್ಜಿ. ಯಾವುದೋ ಒಂದು ಇದರ ಮೈಗೆ ಒಗ್ತಾ ಇಲ್ಲ. ಯಾವುದು ಅಂತ ಹುಡುಕ್ಬೇಕು."

"ಹೇಗಮ್ಮಾ ಹುಡುಕೋದು? ಅವನ ಬಾಯಿಂದ ಹೇಳಿಸೋಕಾಗುತ್ತಾ?"

"ಒಂದೊಂದೇ ಬಿಡಿಸ್ತಾ ಹೋಗೋಣ. ಮೊದಲು ಊಟ."

ಅವನಿಗೆ ಹೊಸ ಹುಚ್ಚು ಹತ್ತಿದ್ದು ಆಗಲೇ. ಕೋಳಿ ಬಿಡಿಸಿದ, ಬಿಸ್ಕತ್ತು ಬಿಡಿಸಿದ. ಬರೀ ಮೀನು ಮತ್ತು ಅನ್ನ ಹಾಕಿದ. ಗುಣ ಕಾಣಲಿಲ್ಲ. ನೆಲ ಒರೆಸುವ ಫಿನಾಯಿಲು ನಿಲ್ಲಿಸಿದ. ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯನ್ನು ಮೇಲಿನ ಗೂಡಿಗೆ ಸೇರಿಸಿದ. ಗೋಣಿತಾಟು ತೆಗೆದು ಹತ್ತಿಯ ಬಟ್ಟೆ ಹಾಸಿದ. ಗಿರಾಕಿಯ ತಲೆ ಬಗ್ಗಿಸುವಾಗಲೂ ಅವನ ಕಣ್ಣು ಅಂಗಡಿಯ ಮೂಲೆಮೂಲೆಯನ್ನೂ ಪೊಲೀಸಿನವನಂತೆ ಜಾಲಾಡುತ್ತಿತ್ತು. ಇಷ್ಟೇ ಇಷ್ಟು ಜಾಗ. ಇದರೊಳಗೇ ಕಳ್ಳನಿದ್ದಾನೆ. ಯಾರವನು?

ಅಷ್ಟರಲ್ಲಿ ಅಂಗಡಿಯ ಗೋಡೆಯೊಳಗಿನ ನೀರಿನ ಪೈಪು ಒಡೆಯಿತು. ರಿಪೇರಿ ಮುಗಿಯುವ ತನಕ ಬಾಗಿಲು ಹಾಕಲೇಬೇಕಾಯಿತು. ದಿವಾನನನ್ನು ಮನೆಯ ಹಿಂದಿನ ಜಗಲಿಗೆ ತಂದು ಕಟ್ಟಿದ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬಿಳಿ ಬಟ್ಟೆಗಳ ನಡುವೆ ನಾಯಿ ಬೇಡವೆಂದು ಮೊದಲಿನಿಂದಲೂ ಹಟ ಹಿಡಿದಿದ್ದಳು. "ಜಗಲಿ ದಾಟಿ ಒಳಗೆ ಬಂದ್ರೆ ನೋಡಿ. ಅದೂ ಆಚೆ, ನೀವೂ ಆಚೆ," ಎಂದಳು.

ಅಂಗಡಿ ಮುಚ್ಚಿದ್ದ ಆ ದಿನಗಳಲ್ಲಿ ದಿವಾನ ಮಲಗಿತು. ಬರೀ ಮಲಗಿತು. ಕೆರೆದುಕೊಳ್ಳದೆ ನಿದ್ದೆ ಮಾಡುವ ನಾಯಿಯನ್ನು ಅವನು ಎಷ್ಟೋ ಕಾಲದ ಮೇಲೆ ನೋಡುತ್ತಿದ್ದ. ಅಂಗಡಿ ತೆರೆದು ವಾಪಸು ಕರೆದೊಯ್ದ. ಮತ್ತೆ ಟಪ್, ಟಪ್.

ಅವನು ಸೀದಾ ಆಸ್ಪತ್ರೆಗೆ ನಡೆದ. "ಡಾಕ್ಟರಮ್ಮಾ, ಕಳ್ಳ ಅಂಗಡಿಯಲ್ಲೇ ಇದ್ದಾನೆ. ಆದ್ರೆ ನನ್ನ ಕೈಗೆ ಸಿಗ್ತಾ ಇಲ್ಲ."

ಅವನ ಉತ್ಸಾಹ ಡಾಕ್ಟರಮ್ಮನಿಗೂ ತಗುಲಿತು. ಚರ್ಮದ ಪರೀಕ್ಷೆ ಮಾಡೋಣವೆಂದರು. ಪಕ್ಕೆಯ ಕೂದಲು ಬೋಳಿಸಲು ಆಸ್ಪತ್ರೆಯ ಹುಡುಗಿ ಮಷೀನು ತಂದಾಗ ಅವನು ಕೈ ಚಾಚಿದ. "ಕೊಡಮ್ಮ, ಇದು ನನ್ನ ಕಸುಬು." ದಿವಾನ ಹಳೆಯ ಗಿರಾಕಿಯಂತೆ ಕಣ್ಣು ಮುಚ್ಚಿ ಒಡ್ಡಿಕೊಂಡಿತು. ಬೋಳಾದ ಜಾಗದಲ್ಲಿ ಡಾಕ್ಟರಮ್ಮ ಒಂದೊಂದು ಸೀಸೆಯ ಸಾರವನ್ನು ಸಣ್ಣ ಸೂಜಿಯಿಂದ ಸಾಲಾಗಿ ಚುಚ್ಚಿದರು: ಧೂಳಿನ ಹುಳದ್ದು, ಹೂವಿನ ಪರಾಗದ್ದು, ಹುಲ್ಲಿನದ್ದು, ಇನ್ನೂ ಏನೇನೋ. ಆಮೇಲೆ ಇಬ್ಬರೂ ಬಗ್ಗಿ, ಒಲೆಯ ಮೇಲಿನ ಹಾಲನ್ನು ಕಾಯುವವರಂತೆ ಆ ಚುಕ್ಕೆಗಳನ್ನು ಕಾದರು.

ಒಂದು ಚುಕ್ಕೆ ಮಾತ್ರ ನಿಧಾನವಾಗಿ ಉಬ್ಬಿ, ಕೆಂಪಾಗಿ, ಸೊಳ್ಳೆ ಕಚ್ಚಿದ ಗಂಧೆಯಷ್ಟಾಯಿತು.

"ಯಾವುದಮ್ಮಾ ಅದು?"

ಡಾಕ್ಟರಮ್ಮ ಸೀಸೆ ತಿರುಗಿಸಿ ನೋಡಿದರು. ಮತ್ತೊಮ್ಮೆ ನೋಡಿದರು. "ಮನುಷ್ಯ," ಎಂದರು.

"ಅಂದ್ರೆ?"

"ಮನುಷ್ಯರ ಹೊಟ್ಟು. ತಲೇದು, ಮೈದು, ಉದುರೋ ಸಣ್ಣ ಸಣ್ಣ ಸಿಪ್ಪೆ. ಕೆಲವರಿಗೆ ನಾಯಿ ಆಗಲ್ಲ ನೋಡಿ, ಹಾಗೆ ಇದಕ್ಕೆ ನಾವು ಆಗಲ್ಲ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಅರ್ಧಕ್ಕೆ ನಿಂತಿತು. ದಿವಾನ ಮಲಗುತ್ತಿದ್ದದ್ದು ಕುರ್ಚಿಯ ಕೆಳಗೆ. ಇಡೀ ಊರಿನ ತಲೆಗಳ ಹೊಟ್ಟು ಉದುರುತ್ತಿದ್ದದ್ದೂ ಅಲ್ಲೇ, ಅದರ ಮೈಮೇಲೆ.

"ಹಾಗಾದ್ರೆ ಅವನು ಎಲ್ಲಿರ್ಬೇಕಮ್ಮಾ? ಕಾಡಿಗೆ ಬಿಡೋಕಾಗುತ್ತಾ?"

"ಒಬ್ಬಿಬ್ಬರದ್ದು ತಡ್ಕೊಳ್ಳುತ್ತೆ. ಸೂಜಿ ಮದ್ದು ಕೊಡ್ತೀನಿ, ಮೆಲ್ಲಮೆಲ್ಲಗೆ ಒಗ್ಗಿಸೋಣ. ಆದ್ರೆ ಅಂಗಡಿ ಮಾತ್ರ ಬೇಡವೇ ಬೇಡ. ನೀವೂ ಅಷ್ಟೇ, ಸ್ನಾನ ಮಾಡದೆ ಮುಟ್ಟೋ ಹಾಗಿಲ್ಲ."

ಮನೆಗೆ ಬಂದು, ಜಗಲಿಯ ಮೆಟ್ಟಿಲ ಮೇಲೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿದ. ಗೆಳೆಯನೊಬ್ಬನ ತೋಟಕ್ಕೆ ಕೊಟ್ಟುಬಿಡುತ್ತೇನೆಂದೂ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದ ಅವಳ ಕೈ ನಿಂತಿತು.

"ಇಷ್ಟು ವರ್ಷ ನಾನು ಬಾಯಿ ಬಡ್ಕೊಂಡಿದ್ದೂ ಅದನ್ನೇ ಅಲ್ವೇನ್ರೀ? ಊರವರ ಕೂದಲು ಮೈಮೇಲೆ ಹೊತ್ಕೊಂಡು ಒಳಗೆ ಬರಬೇಡಿ ಅಂತ. ನಾನು ಹೇಳಿದ್ರೆ ಕಿವಿ ಕಿವುಡು. ನಾಯಿ ಮೈ ಕೆರ್ಕೊಂಡು ಹೇಳಿದ್ರೆ ಆಸ್ಪತ್ರೆಗೆ ಓಡ್ತೀರಾ." ದಾರದ ತುದಿಯನ್ನು ಹಲ್ಲಿನಲ್ಲಿ ಕಡಿದಳು. "ತೋಟನೂ ಬೇಡ, ಗೀಟನೂ ಬೇಡ. ಜಗಲೀಲಿ ಬಿದ್ದಿರಲಿ."

ಜಗಲಿಯಲ್ಲಿದ್ದ ದಿವಾನ ಮೊದಲು ಹೊಸ್ತಿಲಿಗೆ ಬಂತು, ಆಮೇಲೆ ಹೊಲಿಗೆ ಯಂತ್ರದ ಪಕ್ಕಕ್ಕೆ. ಹೇಗೆ ಬಂತೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹೊಟ್ಟೆಯ ಮೇಲೆ ರೇಷ್ಮೆಯಂಥ ಎಳೆಗೂದಲು ಚಿಗುರತೊಡಗಿತು. ಅಂಗಡಿಯಲ್ಲಿ ಮಾತ್ರ ಅವನಿಗೆ ಕಾಲಿಗೆ ಏನೂ ತಗುಲದೆ ನಡೆಯುವುದು ಅಭ್ಯಾಸವಾಗಲೊಲ್ಲದು. ದಿವಾನ ಮಲಗುತ್ತಿದ್ದ ಖಾಲಿ ಜಾಗವನ್ನು ಈಗಲೂ ಸುತ್ತಿ ಬಳಸಿಕೊಂಡೇ ಕುರ್ಚಿಯ ಸುತ್ತ ಓಡಾಡುತ್ತಿದ್ದ.

ಹಗಲೆಲ್ಲ ಆ ನಾಯಿ ಏನು ಮಾಡುತ್ತದೆ? ಸಂಜೆ ಕೇಳಿದರೆ "ಏನ್ಮಾಡುತ್ತೆ, ಬಿದ್ಕೊಂಡಿರುತ್ತೆ" ಎಂದಷ್ಟೇ ಉತ್ತರ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಕುತೂಹಲ ತಡೆಯಲಾರದೆ ಶಟರು ಅರ್ಧಕ್ಕೆಳೆದು ಮನೆಗೆ ಬಂದ. ಅಂಗಿಯ ತುಂಬ ಕೂದಲ ಚೂರು, ಒಳಗೆ ಹೋಗುವಂತಿಲ್ಲ. ಕಿಟಕಿಯ ಪಕ್ಕ ನಿಂತು ಇಣುಕಿದ.

ದಿವಾನ ಯಂತ್ರದ ಪೆಡಲಿನ ಬದಿಯಲ್ಲಿ ಚಾಚಿಕೊಂಡು ಮಲಗಿತ್ತು. ಹೆಂಡತಿ ಹೊಲಿಯುತ್ತ ಮಾತಾಡುತ್ತಿದ್ದಳು.

"...ಆ ಕೆಂಪು ಲಂಗ ನಂದು ಕಣೋ. ಅಕ್ಕ ಅದನ್ನ ಹಾಕ್ಕೊಂಡು ನದಿಗೆ ಹೋದ್ಲು. ನಾನು ಹಿಂದಿನಿಂದ ಹೋದೆ. ಮರದ ಮೇಲೆ ಕೂತ್ಕೊಂಡು ಕರೀತಿದ್ದಾಳೆ, ಆದ್ರೆ ಅವಳು ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ಯಾರಿದ್ರು ಹೇಳು ನೋಡೋಣ?"

ನಾಯಿ ಒಂದು ಕಿವಿಯನ್ನು ಎತ್ತಿತು.

ಅವನಿಗೆ ಅದು ಗೊತ್ತಿರಲಿಲ್ಲ. ಕೆಂಪು ಲಂಗವಾಗಲಿ, ನದಿಯಾಗಲಿ, ಮರವಾಗಲಿ ಯಾವುದನ್ನೂ ಅವನು ಕೇಳಿರಲಿಲ್ಲ. ದಿನವಿಡೀ ಊರಿನವರ ಕಥೆ ಕೇಳಿ ಮನೆಗೆ ಬರುವಷ್ಟರಲ್ಲಿ ಅವನ ಕಿವಿಗಳು ಅಂಗಡಿಯ ಶಟರಿನಂತೆ ಇಳಿದಿರುತ್ತಿದ್ದವು.

ಯಾರಿದ್ದರು?

ಅವಳು ಉತ್ತರ ಹೇಳುವ ಮೊದಲೇ ಯಂತ್ರ ತಿರುಗಿತು. ಬಟ್ಟೆ ಸರಸರನೆ ಮುಂದೆ ಸರಿಯಿತು. ಉದ್ದನೆಯ ಹೊಲಿಗೆ. ಅವನು ಸದ್ದಾಗದಂತೆ ಗೋಡೆಗೊರಗಿ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ, ಆ ಹೊಲಿಗೆ ಮುಗಿಯುವುದನ್ನೇ ಕಾಯುತ್ತ.