ಮೂವತ್ತೆರಡರಲ್ಲಿ ಒಂದು

ದೇವರ ಕಪಾಟಿನ ಹಿಂದಿನಿಂದ ಶಾಂತಾ ಗಾಜಿನ ಶೀಷೆಯನ್ನು ಎಳೆದು ತೆಗೆಯುತ್ತಿದ್ದಂತೆ ಮೈದುನ ಭೀಮಸೇನ ಕೈ ಅಡ್ಡ ಹಿಡಿದ.

"ವೈನಿ, ಅದು ಬ್ಯಾಡ್ರಿ. ನಳದ ನೀರು ಅದು. ನಾ ಗಂಗಾಜಲ ತಂದೀನಿ."

ಅಣ್ಣ ಹಯವದನರು ತೀರಿಕೊಂಡ ಸುದ್ದಿ ಕೇಳಿ ಅವನು ಸೂರತ್ತಿನಿಂದ ಬೆಳಗಿನ ರೈಲಿಗೆ ಬಂದು ಮಣಿನಗರದಲ್ಲಿ ಇಳಿದಿದ್ದ. ಹಯವದನರು ನಡುಮನೆಯಲ್ಲಿ ದರ್ಭೆಯ ಮೇಲೆ ಮಲಗಿದ್ದರು. ಊರು ಬಿಟ್ಟು ಗುಜರಾತಿಗೆ ಬಂದು, ನರೋಡಾದ ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಆಸಿಡ್ಡುಗಳನ್ನು ಬೇಕಾದ ಹದಕ್ಕೆ ತೆಳು ಮಾಡಿ, ಶೀಷೆಗೆ ಚೀಟಿ ಅಂಟಿಸಿದವರು. ಮನೆಯ ಉಪ್ಪಿನ ಡಬ್ಬಿಗೂ ತಾರೀಖು ಬರೆಯುತ್ತಿದ್ದ ಮಹಾಶಯರು. ಹೆಂಡತಿಯಿಂದ ಅವರು ತೆಗೆದುಕೊಂಡ ಮಾತು ಒಂದೇ: ಕೊನೆಗೆ ಬಾಯಿಗೆ ನಮ್ಮೂರ ನೀರು ಬೀಳಬೇಕು.

"ಮಾತು ಕೊಟ್ಟೀನಿ, ಭೀಮಸೇನ," ಎಂದಳು ಶಾಂತಾ. "ಆದರ ಇದು ಊರ ನೀರು ಹೌದೋ ಅಲ್ಲೋ, ಈಗ ನನಗೂ ತಿಳೀವಲ್ತು."

*

ಮಲಪ್ರಭೆಗೆ ಅಣೆಕಟ್ಟು ಬಂದು ಊರು ಮುಳುಗುವ ಮುನ್ನ ಹಯವದನರು ಹಿತ್ತಲ ಮೆಟ್ಟಿಲಿಳಿದು ತುಂಬಿಕೊಂಡ ನೀರು ಅದು. ಯುಗಾದಿಗೊಂದು ಚಮಚ, ಜ್ವರ ಬಂದವರಿಗೊಂದು ಚಮಚ. ಅರ್ಧಕ್ಕಿಳಿದಾಗ ನಳದ ನೀರು ಕುದಿಸಿ, ಆರಿಸಿ, ಕಣ್ಣನ್ನು ಶೀಷೆಯ ಗೆರೆಯ ಮಟ್ಟಕ್ಕೆ ಇಳಿಸಿ, ಸರಿಯಾಗಿ ಗೆರೆಯವರೆಗೆ ತುಂಬುತ್ತಿದ್ದರು.

"ಪಪ್ಪಾ, ಇದರಾಗ ನದಿ ಇನ್ನೂ ಹೈ ಕ್ಯಾ?" ಹತ್ತು ವರ್ಷದ ಮಗಳು ಮೇದಿನಿ ಒಮ್ಮೆ ಕೇಳಿದ್ದಳು.

"ಅದ ಮಗಾ. ತೆಳು ಆಗ್ಯದ, ಅಷ್ಟ." ಚೀಟಿಯ ಮೇಲೆ ಇನ್ನೊಂದು ಸಾಲು ಬರೆದರು. "ಬರೀದ ಇಟ್ಟರ ಮೋಸ ಆಗ್ತದ."

ಊರಿನ ನೆನಪು ತಡೆಯಲಾರದ ದಿನ ಬಿರಡೆ ತೆಗೆದು ಮೂಸುತ್ತಿದ್ದರು. ಯಾವ ವಾಸನೆಯೂ ಇರುತ್ತಿರಲಿಲ್ಲ. ಆದರೂ ಅವರ ಕಣ್ಣು ತುಂಬುತ್ತಿತ್ತು.

*

ಈಗ ಕಾಲೇಜಿಗೆ ಹೋಗುವ ಮೇದಿನಿ ಅಮ್ಮನ ಕೈಯಿಂದ ಶೀಷೆ ತೆಗೆದುಕೊಂಡಳು. ಅವಳಿಗೆ ಕನ್ನಡ ಅಕ್ಷರ ಬಾರದು. ಅಂಕಿಗಳನ್ನು ಮಾತ್ರ ಅಪ್ಪ ಓದಲು ಕಲಿಸಿದ್ದರು.

"ಎರಡರಾಗ ಒಂದು. ನಾಲ್ಕರಾಗ ಒಂದು..." ಚೀಟಿಯ ಮೇಲೆ ಬೆರಳು ಇಳಿಯಿತು. "ಲಾಸ್ಟ್, ಮೂವತ್ತೆರಡರಾಗ ಒಂದು. ಒಂದು ಪಾಲು ಊರಿನ ನೀರು, ಕಾಕಾ."

"ಒಂದು ಪಾಲು ಅದ ಅಲ್ಲ?" ಎಂದು ಶಾಂತಾ ಕೇಳಿದಳು.

"ಅದ, ಅಮ್ಮಾ. ಪಪ್ಪಾ ಸುಳ್ಳು ಬರೀತಿರಲಿಲ್ಲ."

ಭೀಮಸೇನ ಕೈ ತೆಗೆದ. ಶಾಂತಾ ತುಳಸಿದಳದೊಂದಿಗೆ ಗಂಡನ ಬಾಯಿಗೆ ನೀರು ಬಿಟ್ಟಳು. ಆ ಮೆಟ್ಟಿಲ ಬಳಿಯೇ ಈಜು ಕಲಿತಿದ್ದ ಭೀಮಸೇನ ತನ್ನ ಗಂಗಾಜಲವನ್ನು ಬದಿಗಿಟ್ಟು ಅಂಗೈ ಒಡ್ಡಿದ.

"ನನಗೂ ಚೂರು ಹಾಕ್ರಿ, ವೈನಿ."

ಸಂಜೆ, ದಹನ ಮುಗಿಸಿ ಬಂದವರು ಸ್ನಾನ ಮಾಡಿ ಕೂತಿದ್ದಾಗ, ಶಾಂತಾ ಅರ್ಧಕ್ಕಿಳಿದ ಶೀಷೆಯನ್ನೇ ನೋಡುತ್ತಿದ್ದಳು.

"ಮುಂದ ನನಗ?" ಎಂದಳು.

ಮೇದಿನಿ ಎದ್ದಳು. ನಳದ ನೀರು ಕುದಿಸಿ, ಆರಿಸಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ಇಳಿಸಿ, ಕೊನೆಯ ಹನಿಗಳನ್ನು ಒಂದೊಂದಾಗಿ ಬಿಟ್ಟಳು. ಅಪ್ಪನ ಪೆನ್ನು ಹಿಡಿದಳು. ಕನ್ನಡದ ಅಂಕಿ ಬರೆಯಲು ಕೈ ತಿರುಗಲಿಲ್ಲ. ಅವರ ಐದು ಸಾಲುಗಳ ಕೆಳಗೆ, ತನಗೆ ಬರುವ ಗುಜರಾತಿ ಅಂಕಿಯಲ್ಲಿ, ಬರೆದಳು: ಅರವತ್ನಾಲ್ಕರಲ್ಲಿ ಒಂದು.