ಕೊನೆಯ ಕವೆ

ಮೂರು ಕವೆಗಳನ್ನು ಶುಭದಾ ಕೈಯಾರೆ ಕೆಡಿಸಿದ್ದಳು. ಉಳಿದದ್ದು ಒಂದೇ. ಕಲಬುರಗಿಯ ಸೇಡಂ ರಸ್ತೆಯ ಆ ಪ್ರಯೋಗಾಲಯದ ಸೂಕ್ಷ್ಮದರ್ಶಕ ನಾಳೆ ಸಂಜೆಗೆ ಬೇರೆ ತಂಡದ ಪಾಲು. ಅಷ್ಟರೊಳಗೆ ಒಂದಾದರೂ ಚಿತ್ರ ಸಿಗದಿದ್ದರೆ ಅವಳ ಐದು ವರ್ಷದ ಪಿಎಚ್.ಡಿ.ಗೆ ಕೊನೆಯ ಅಧ್ಯಾಯವೇ ಇಲ್ಲ.

ಅವಳ ಕೆಲಸ ಚಿನ್ನದ ತ್ರಿಕೋನಗಳದ್ದು. ಒಂದು ಕೂದಲಿನ ಅಗಲದಲ್ಲಿ ನೂರಾರು ಹಿಡಿಸುವಷ್ಟು ಸಣ್ಣವು. ಬೆಳಕು ಬಿದ್ದರೆ ಅವುಗಳೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುತ್ತವೆ. ಪ್ಲಾಸ್ಮಾನ್ ಎನ್ನುವ ಆ ತೂಗಾಟದ ಬೆಳಕು ಲೋಹಕ್ಕೇ ಅಂಟಿಕೊಂಡಿರುತ್ತದೆ, ಮಸೂರದವರೆಗೆ ಬರುವುದಿಲ್ಲ. ಬೆಳಕನ್ನು ಹಿಡಿದು ತರುವ ಗಾಜಿನ ಎಳೆಯ ಚೂಪು ತುದಿಯನ್ನು ತೀರಾ ಹತ್ತಿರ ಒಯ್ದೇ ನೋಡಬೇಕು. ತುದಿ ಎಷ್ಟು ಹತ್ತಿರ ಹೋಯಿತೆಂದು ಹೇಳುವುದು ಕೈಗಡಿಯಾರದೊಳಗೆ ಇರುವಂಥ, ಜೀರಿಗೆಯಷ್ಟು ಉದ್ದದ ಸ್ಫಟಿಕದ ಕವೆ, ಅಂದರೆ ಟ್ಯೂನಿಂಗ್ ಫೋರ್ಕ್; ತುದಿ ಹತ್ತಿರವಾದಷ್ಟೂ ಅದರ ಅಲುಗಾಟ ತಗ್ಗುತ್ತದೆ. ಎಳೆಯನ್ನು ಅದಕ್ಕೆ ಅಂಟಿಸುವಾಗಲೇ ಮೂರೂ ಕೆಟ್ಟಿದ್ದವು.

ಅಟೆಂಡರ್ ಮಾಪಣ್ಣ ನೋಡಿ ನೋಡಿ ಸಾಕಾಗಿ ಹೇಳಿದ: “ಅಕ್ಕಾರ, ಗಡಿಯಾರದ ಸಾಮಾನು ಗಡಿಯಾರದವರ ಕೈಯಾಗ ಕೊಡ್ರಿ. ನಮ್ಮ ಕಮಲಾಪುರದಾಗ ಬುರ್ಹಾನುದ್ದೀನ್ ಚಾಚಾ ಅದಾರ.”

ವಿಜ್ಞಾನ ಓದಿದವಳಿಗೆ ಇದಕ್ಕಿಂತ ಅವಮಾನ ಬೇಕೆ? ಆದರೂ ಮರುದಿನ ಮುಂಜಾನೆಯ ಬಸ್ಸಿನಲ್ಲಿ, ಕೆಟ್ಟ ಮೂರನ್ನೂ ಉಳಿದ ಒಂದನ್ನೂ ಗಾಜಿನೆಳೆಯನ್ನೂ ಇಟ್ಟ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ರಸ್ತೆಯ ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿದು ಹೋದಳು.

ಬಸ್ ನಿಲ್ದಾಣದ ಎದುರಿನ ಪುಟ್ಟ ಅಂಗಡಿಯಲ್ಲಿ ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೊದಲು ಕೆಟ್ಟ ಕವೆಗಳನ್ನೇ ನೋಡಿದ.

“ಏನ್ ಬೇಟಿ, ರೊಟ್ಟಿಗೆ ಬೆಣ್ಣಿ ಮೆತ್ತಿದಂಗ ಅಂಟು ಮೆತ್ತೀರಿ? ಇಷ್ಟು ಭಾರ ಹೊತ್ತು ಅದು ಹ್ಯಾಂಗ ಅಲುಗಾಡಬೇಕು?”

ಎಳೆ ಕಳಚಬಾರದೆಂಬ ಹೆದರಿಕೆಗೆ ಅವಳು ಅಂಟು ಸುರಿದದ್ದು ನಿಜ. ಇಷ್ಟು ಓದಿಯೂ ಹೊಳೆದಿರಲಿಲ್ಲವಲ್ಲ! ಮುದುಕ ಸೂಜಿಯ ಮೊನೆಯನ್ನು ಅಂಟಿಗೆ ತಾಗಿಸಿ, ಒರೆಸಿ, ಉಳಿದ ಪಸೆಯನ್ನಷ್ಟೇ ಕವೆಗೆ ಮುಟ್ಟಿಸಿದ. ಉಸಿರು ಬಿಟ್ಟವನು ಮತ್ತೆ ಎಳೆದುಕೊಳ್ಳುವ ಮೊದಲೇ ಗಾಜಿನೆಳೆಯನ್ನು ಕೂರಿಸಿಬಿಟ್ಟ. ಡಬ್ಬಿಯ ಮೇಲೆ ತನ್ನ ನಂಬರು ಬರೆದು, “ಏನಾರ ತಕರಾರು ಆದ್ರ ಫೋನ್ ಮಾಡ್ರಿ” ಎಂದ.

ಸಂಜೆ ನಾಲ್ಕಕ್ಕೆ ಪರದೆಯ ಮೇಲೆ ಗೆರೆ ಗೆರೆಯಾಗಿ ತ್ರಿಕೋನ ಮೂಡಿತು. ಮೂಲೆಗಳಲ್ಲಿ ಬೆಳಕು ಗುಂಪುಗೂಡಿತ್ತು. ಶುಭದಾ ಮಾಪಣ್ಣನ ಎದುರಿಗೇ ಅತ್ತುಬಿಟ್ಟಳು. ಮಾರ್ಗದರ್ಶಕರಿಗೆ ತಿಳಿಸುವ ಮೊದಲು ಕಮಲಾಪುರಕ್ಕೆ ಫೋನ್ ಮಾಡಿದಳು.

“ಕಳಚಿತೇನು ಬೇಟಿ?” ಮುದುಕನ ದನಿಯಲ್ಲಿ ಗಾಬರಿ.

“ಇಲ್ರಿ ಚಾಚಾ, ಬೆಳಕು ಕಂಡ್ತು! ನಿಮ್ಮ ಉಪಕಾರ ಹ್ಯಾಂಗ ತೀರಿಸ್ಲಿ?”



“ನಲವತ್ತು ವರ್ಸ ಆತು ಬೇಟಿ ಈ ಕೆಲಸಕ್ಕ. ಕೆಟ್ಟೈತಿ ಅಂತ ಹೇಳಾಕ ಎಲ್ಲಾರೂ ಬರ್ತಾರ. ನಡೀತು ಅಂತ ಹೇಳಿದವರು ನೀವೇ ಮೊದಲು. ಶುಕ್ರಿಯಾ.”